ಮೂರು ಮೈಲಿ ಆಚೆಗೆ

ನ್ಯಾಮತಿ, ಹೊರಡುವ ಮುನ್ನ

ಸಿಂಗಪುರ ತೋರಿಸಪ್ಪಾ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತವನಲ್ಲ. ನೋಡಿದ್ದು ಅಡಿಕೆಯ ಕೊಳೆರೋಗದ ಪುಣ್ಯದಿಂದ. ನ್ಯಾಮತಿಯಲ್ಲಿ ನನ್ನದೊಂದು ಗೊಬ್ಬರ, ಔಷಧಿಯ ಅಂಗಡಿ. ಕಂಪನಿಯವರು ಗೊತ್ತು ಮಾಡಿದಷ್ಟು ಮಾಲು ಮಾರಿದರೆ ನಮ್ಮಂಥ ಡೀಲರುಗಳಿಗೆಲ್ಲ ಒಂದೇ ಬಣ್ಣದ ಟೋಪಿ ಹಾಕಿ ಕುರಿ ಹಿಂಡಿನ ಹಾಗೆ ವಿದೇಶಕ್ಕೆ ಹೊಡೆದುಕೊಂಡು ಹೋಗುತ್ತಾರೆ. ನಮ್ಮ ಕಡೆ ಯಾವ ಗೊಬ್ಬರದ ಅಂಗಡಿಗೆ ಬೇಕಾದರೂ ಹೋಗಿ ನೋಡಿ, ಗಲ್ಲಾದ ಹಿಂದೆ ಮನೆದೇವರ ಪಟ, ಪಕ್ಕದಲ್ಲಿ ಬ್ಯಾಂಕಾಕಿನಲ್ಲೋ ದುಬೈಯಲ್ಲೋ ತೆಗೆಸಿದ ಗುಂಪು ಫೋಟೋ ಇದ್ದೇ ಇರುತ್ತದೆ. ನನ್ನ ಗೋಡೆಯಲ್ಲಿ ಇರಲಿಲ್ಲ. ಅದೊಂದು ಹೊಟ್ಟೆಕಿಚ್ಚು ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಈ ಸಲ ಕೊಳೆರೋಗ ಜೋರಾಗಿ ಔಷಧಿಯೆಲ್ಲ ಖರ್ಚಾಯಿತು, ಇಬ್ಬರಿಗೆ ಟಿಕೆಟ್ ಬಂತು. ಮೂರು ದಿನ ಸಿಂಗಪುರ, ಎರಡು ದಿನ ಹಡಗು. ಹಡಗು ಅಂದ ಕೂಡಲೇ ನನ್ನ ಹೆಂಡತಿ, “ನೀರಿನ ಮ್ಯಾಲೆ ಮಲಗಾಕೆ ನನ್ನ ಕೈಲಿ ಆಗಲ್ಲಪ್ಪ, ನಿಮ್ಮ ಭಾವನ್ನ ಕರ್ಕಂಡು ಹೋಗ್ರಿ” ಅಂದಳು. ಮಾತು ಸಹಜವಾಗಿಯೇ ಬಂತು. ನಾನೂ ಸಹಜವಾಗಿಯೇ ಹಿಡಿದುಕೊಂಡೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಬಾಯಿ ಮೆತ್ತಗೆ, ಕೈ ಧಾರಾಳ, ಲಿಂಗಪೂಜೆ ಮಾಡದೆ ಒಂದು ಲೋಟ ನೀರು ಕುಡಿಯುವ ಮನುಷ್ಯನಲ್ಲ. ಒಂದೇ ಒಂದು ಹುಳುಕು, ಇಸ್ಪೀಟು. ಅಂದರ್ ಬಾಹರ್ ಅಂದರೆ ಊಟ ಬಿಟ್ಟು ಹೋಗುತ್ತಿದ್ದರು. ಅಕ್ಕನ ಕೈಬಳೆ ಎರಡು ಸಲ ಮನೆ ಬಿಟ್ಟು ಹೋಗಿ ವಾಪಸ್ ಬಂದಿದ್ದವು, ಮೂರನೆಯ ಸಲ ಹೋದವು ಬರಲಿಲ್ಲ.

ನಮ್ಮ ಕಡೆಯ ಇಸ್ಪೀಟಿನವರ ಜಾಣತನ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸವಳಂಗದ ಆಚೆಗೆ ದಾವಣಗೆರೆ ಜಿಲ್ಲೆ ಮುಗಿದು ಶಿವಮೊಗ್ಗ ಜಿಲ್ಲೆ ಶುರುವಾಗುತ್ತದೆ. ಆಟ ನಡೆಯುತ್ತಿದ್ದದ್ದು ಸರಿಯಾಗಿ ಆ ಗಡಿಯ ಮೇಲೆ, ಒಂದು ಹುಣಸೆಮರದ ಬುಡದಲ್ಲಿ. ಈ ಕಡೆಯಿಂದ ಜೀಪು ಬಂದರೆ ಚಾಪೆ ಎತ್ತಿಕೊಂಡು ಹತ್ತು ಹೆಜ್ಜೆ ಆ ಕಡೆಗೆ, ಆ ಕಡೆಯಿಂದ ಬಂದರೆ ಈ ಕಡೆಗೆ. ಹೊನ್ನಾಳಿಯಿಂದ ಒಡೆದು ನ್ಯಾಮತಿಯನ್ನು ಬೇರೆ ತಾಲ್ಲೂಕು ಮಾಡಿದಾಗ ಊರಲ್ಲಿ ಪೇಡೆ ಹಂಚಿದವರ ಪೈಕಿ ಇಸ್ಪೀಟಿನವರೂ ಇದ್ದರು. ಇನ್ನೊಂದು ಗಡಿ ಸಿಕ್ಕಿತಲ್ಲ!

ಕೊನೆಗೆ ಅಕ್ಕ ಹಟ ಹಿಡಿದಳು. ಲಿಂಗ ಮುಟ್ಟಿ ಆಣೆ ಇಡಬೇಕು, ಇಲ್ಲವೇ ತಾನು ಮಗಳನ್ನು ಕರೆದುಕೊಂಡು ಹೊರಡುತ್ತೇನೆ ಅಂದಳು. ರಾಜಿ ಮಾಡಿಸಲು ಹೋದವನು ನಾನು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತ ಭಾವ ಅಂದರು:

“ಜೀವಮಾನ ಪೂರ್ತಿ ಅಂದ್ರೆ ಆಗಲ್ಲ ಪ್ರಕಾಶ. ಲಿಂಗ ಹಿಡ್ಕಂಡು ಸುಳ್ಳು ಹೇಳಾಕೆ ಬರಲ್ಲ ನಂಗೆ.”

ನಾನು ವ್ಯಾಪಾರಸ್ಥ. ಗಿರಾಕಿ ಎದ್ದು ಹೋಗದ ಹಾಗೆ ಒಂದು ದರ ಹೇಳಿಬಿಡುವುದು ನನ್ನ ಚಾಳಿ. “ಹೋಗ್ಲಿ ಬಿಡ್ರಿ ಭಾವ. ಈ ರಾಜ್ಯದ ಗಡಿಯೊಳಗೆ ಇಸ್ಪೀಟೆಲೆ ಮುಟ್ಟಲ್ಲ ಅಂತ ಅನ್ರಿ. ನೀವೇನು ಗಡಿ ದಾಟಿ ಹೋಗೋರಾ?” ಅಂದೆ. ಅವರು ನಕ್ಕರು. ದಾವಣಗೆರೆಗೆ ಹೋದರೆ ಸಂಜೆಯೊಳಗೆ ಮನೆ ಸೇರುವ ಮನುಷ್ಯ.

ಮರುದಿನ ದೇವರ ಕೋಣೆಯಲ್ಲಿ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಭಾವ ಆಣೆ ಮಾಡಿದರು. ‘ಈ ರಾಜ್ಯದ ಗಡಿಯೊಳಗೆ’ ಎಂಬುದನ್ನು ಮಂತ್ರದ ಹಾಗೆ ತುಟಿಯಲ್ಲೇ ಅಂದು, ‘ಎಲೆ ಮುಟ್ಟುವುದಿಲ್ಲ’ ಎಂಬುದನ್ನು ಗಟ್ಟಿಯಾಗಿ ಅಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಗಟ್ಟಿಯಾದದ್ದು ಮಾತ್ರ ಕೇಳಿಸಿತು, ಕಣ್ಣೊರೆಸಿಕೊಂಡಳು. ನನಗೆ ಎರಡೂ ಕೇಳಿಸಿದ್ದವು.

ಅದಾದ ಮೇಲೆ ಒಂದೂವರೆ ವರ್ಷ ಭಾವ ಎಲೆ ಮುಟ್ಟಲಿಲ್ಲ, ಆ ಮಾತು ನಿಜ. ಸಿಂಗಪುರದ ಸುದ್ದಿ ಎತ್ತಿದಾಗ ಅಕ್ಕ ಬಹಳ ಹೊತ್ತು ನನ್ನ ಮುಖ ನೋಡಿದಳು.

“ಅಲ್ಲಿ ಇಸ್ಪೀಟು ಗಿಸ್ಪೀಟು ಇರಲ್ಲ ತಾನೆ?”

“ನಾನಿರ್ತೀನಲ್ಲಕ್ಕ.”

“ನಿನ್ನ ನಂಬಿ ಕಳಸ್ತೀನಿ ನೋಡು. ಇನ್ನೊಂದು ಸಲ ಆಡಿದ್ರು ಅಂದ್ರೆ ನಾನು ಆ ಮನೇಲಿ ಇರಲ್ಲ. ಹೆದರ್ಸಾಕೆ ಹೇಳ್ತಿಲ್ಲ, ಖರೇನೇ ಹೇಳ್ತಿದೀನಿ.”

ಹಡಗಿನಲ್ಲಿ ಜೂಜಿನ ಹಾಲ್ ಇದೆ ಎಂದು ಕಂಪನಿಯವನು ಫೋನಿನಲ್ಲಿ ಬಾಯಿ ಚಪ್ಪರಿಸಿ ಹೇಳಿ ಆಗಲೇ ನಾಲ್ಕು ದಿನವಾಗಿತ್ತು. ಅಕ್ಕನಿಗೆ ನಾನದನ್ನು ಹೇಳಲಿಲ್ಲ.

ಸಿಂಗಪುರ, ನೆಲದ ಮೇಲೆ

ಮೊದಲ ಮರ್ಯಾದೆ ವಿಮಾನ ನಿಲ್ದಾಣದಲ್ಲೇ ಆಯಿತು. ಭಾವನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ತುಂಬ ಕೆಂಪಡಿಕೆ. ತಪಾಸಣೆಯ ಹೆಣ್ಣುಮಗಳು ಒಂದು ಹೋಳು ಎತ್ತಿ ಮೂಸಿ, ಬೆಳಕಿಗೆ ಹಿಡಿದು, ಇದೇನು ಮರದ ಚೂರಾ ಎಂದು ಕೇಳಿದಳು. ಭಾವ ಎದೆ ಮುಟ್ಟಿಕೊಂಡು, “ರಾಶಿ ಅಡಿಕೆ ತಾಯಿ, ಚನ್ನಗಿರಿದು, ಫಸ್ಟ್ ಕ್ಲಾಸು!” ಅಂದರು. ಆಕೆ ಇನ್ನೊಬ್ಬನನ್ನು ಕರೆದಳು, ಅವನು ಮತ್ತೊಬ್ಬನನ್ನು. ಮೂವತ್ತು ಜನ ಹಳದಿ ಟೋಪಿಯವರು ಹಿಂದೆ ಕಾಯುತ್ತ ನಿಂತರು. ಕೊನೆಗೆ ಡಬ್ಬಿ ಅವರ ಕಸದ ಬುಟ್ಟಿಗೆ ಹೋಯಿತು. ನಮ್ಮ ಊರಿನ ಬಂಗಾರ ಅಲ್ಲಿ ಕಸ ಕಣ್ರೀ.

ಊರು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನೆಕ್ಕಿಟ್ಟ ತಟ್ಟೆಯ ಹಾಗಿದ್ದ ಆ ರಸ್ತೆಗಳಲ್ಲಿ ಎರಡು ದಿನ ಓಡಾಡುವಷ್ಟರಲ್ಲಿ ನನಗೆ ಉಸಿರು ಕಟ್ಟಿತು. ಎಲ್ಲದಕ್ಕೂ ಒಂದು ಗೆರೆ. ಬಸ್ಸಿಗೆ ಕಾಯುವವರಿಗೆ ಗೆರೆ, ಬೀಡಿ ಸೇದುವವರಿಗೆ ನೆಲದ ಮೇಲೆ ಹಳದಿ ಗೆರೆ. ಆ ಗೆರೆಯೊಳಗೆ ಹತ್ತು ಜನ ಒಬ್ಬರನ್ನೊಬ್ಬರು ನೋಡದೆ ಸೇದುತ್ತ ನಿಂತಿದ್ದರು. ಗೆರೆಯಿಂದ ಒಂದು ಗೇಣು ಆಚೆ ಯಾರ ಕಾಲೂ ಇರಲಿಲ್ಲ. ನಮ್ಮಲ್ಲಾಗಿದ್ದರೆ ಗೆರೆ ಬಳಿದವನೇ ಆಚೆ ನಿಂತು ಸೇದುತ್ತಿದ್ದ.

ಟ್ಯಾಕ್ಸಿಯವನೊಬ್ಬ ತಮಿಳರ ಹಿರಿಯ. ದೊಡ್ಡ ಕಟ್ಟಡವೊಂದನ್ನು ತೋರಿಸಿ, ಅದರೊಳಗೆ ಜೂಜುಮನೆ ಇದೆ, ಈ ದೇಶದವರು ಒಳಗೆ ಕಾಲಿಡಬೇಕಾದರೆ ಮೊದಲು ಸರ್ಕಾರಕ್ಕೆ ದುಡ್ಡು ಕಟ್ಟಬೇಕು, ನಿಮ್ಮಂಥವರು ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಬಿಟ್ಟಿ ಎಂದು ಹೇಳಿದ. ತಮ್ಮ ಮಕ್ಕಳಿಗೆ ಬೇಲಿ, ಪರರ ಮಕ್ಕಳಿಗೆ ಹೆಬ್ಬಾಗಿಲು! ಎಂಥ ನ್ಯಾಯ ನೋಡಿ. ನಾನು ಭಾವನ ಮುಖ ನೋಡಿದೆ. ಅವರು ಕಿಟಕಿಯಾಚೆ ಆ ಕಟ್ಟಡ ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡುತ್ತಿದ್ದರು. ಆಮೇಲೆ ತಾವೇ ಅಂದರು:

“ಬ್ಯಾಡ ಬಿಡು. ನಮ್ಮ ರಾಜ್ಯ ಅಲ್ಲ ಖರೆ, ಆದ್ರೂ ಇಲ್ಲೂ ಒಂದು ಸರ್ಕಾರ ಐತೆ, ಒಂದು ನೆಲ ಐತೆ. ಇಲ್ಲಿ ಕುಂತು ಆಡಿದ್ರೆ ಆಣೆಗೆ ಮೋಸ ಮಾಡ್ದಂಗೆ.”

ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಮಧ್ಯಾಹ್ನ ಅವರಿಗೆ ಎರಡು ಎಳನೀರು ಕೊಡಿಸಿದೆ. ಗೆದ್ದೆ ಅಂದುಕೊಂಡೆ. ಅಕ್ಕನಿಗೆ ಫೋನ್ ಮಾಡಿ, “ಆರಾಮಿದೀವಿ, ನೀನೇನು ಚಿಂತಿ ಮಾಡ್ಬ್ಯಾಡ” ಅಂತಲೂ ಹೇಳಿದೆ.

ಹಡಗು, ಯಾರದೂ ಅಲ್ಲದ ನೀರು

ಹಡಗು ಅಂದರೆ ನಾನು ದೋಣಿಯ ಅಣ್ಣ ಅಂದುಕೊಂಡಿದ್ದೆ. ಅದು ನೋಡಿದರೆ ನೀರಿನ ಮೇಲೆ ಎದ್ದು ನಿಂತ ಒಂದು ಪೇಟೆ. ಲಿಫ್ಟು, ಈಜುಕೊಳ, ಮದುವೆ ಛತ್ರದಂಥ ಊಟದ ಹಾಲು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಎಲ್ಲಿಗೂ ಹೋಗುವುದಿಲ್ಲವಂತೆ! ಎರಡು ದಿನ ಸಮುದ್ರದಲ್ಲಿ ಸುತ್ತಿ ಹೊರಟ ಬಂದರಿಗೇ ವಾಪಸ್ ಬರುತ್ತದಂತೆ. ಗಾಣದ ಎತ್ತು ಕೂಡ ಒಂದಿಷ್ಟು ಎಣ್ಣೆ ತೆಗೆಯುತ್ತದೆ, ಇದು ಯಾವ ಸುಖಕ್ಕೆ ಸುತ್ತುತ್ತದೆ ಎಂದು ನಾನು ನಕ್ಕೆ. ನನ್ನ ನಗುವಿಗೆ ಬೆಂಕಿ ಹಾಕ.

ಹೊರಟು ಒಂದೆರಡು ತಾಸಾಗಿರಬೇಕು. ಹೊರಗೆ ಸುಡು ಬಿಸಿಲು. ಗೋಡೆಯ ಸ್ಪೀಕರಿನಲ್ಲಿ ಒಬ್ಬ ಹೆಣ್ಣುಮಗಳು ಸಕ್ಕರೆಯಂಥ ದನಿಯಲ್ಲಿ, ನಾವೀಗ ದೇಶದ ನೀರನ್ನು ದಾಟಿದ್ದೇವೆ, ಏಳನೆಯ ಮಹಡಿಯ ಆಟದ ಹಾಲ್ ತೆರೆದಿದೆ ಎಂದು ಹೇಳಿದಳು. ನಮ್ಮ ಟೇಬಲಿನ ಸುತ್ತ ಒಂದು ಕ್ಷಣಕ್ಕೆ ಊಟ ನಿಂತಿತು. ಚೀನೀ ಮುದುಕಿಯೊಬ್ಬಳು ಅರ್ಧ ತಿಂದ ಮೀನನ್ನು ಹಾಗೇ ಬಿಟ್ಟು, ಸ್ವೆಟರ್ ಹಾಕಿಕೊಂಡು, ಕೋಲೂರಿಕೊಂಡು ಓಡಿದಳು. ಓಡಿದಳು ಅಂದರೆ ಓಡಿದಳೇ. ಆ ಹಾಲ್ ತಣ್ಣಗಿರುತ್ತದೆ, ಅದಕ್ಕೇ ಸ್ವೆಟರ್ ಎಂದು ಆಮೇಲೆ ಗೊತ್ತಾಯಿತು.

ಭಾವ ಮೊಸರನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

“ಏನಂತೆ ಆಯಮ್ಮ?”

ಇಂಗ್ಲಿಷು ಅರ್ಥವಾಗದವರ ಎದುರು ಏನಾದರೊಂದು ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. ಹೇಳಿಬಿಟ್ಟೆ.

“ಹಂಗಾರೆ ಈಗ ನಾವಿರೋದು ಯಾರ ನೆಲ?”

“ನೆಲ ಎಲ್ಲೈತೆ ಭಾವ, ನೀರು.”

“ಯಾರ ನೀರು?”

“ಯಾರದೂ ಅಲ್ಲಂತೆ.”

ಅವರು ಕೈ ತೊಳೆದುಕೊಂಡು ಬಂದು ನನ್ನನ್ನು ಕೋಣೆಗೆ ಕರೆದರು. ಬಾಗಿಲು ಹಾಕಿ, ಅಂಗಿಯ ಗುಂಡಿ ಬಿಚ್ಚಿ, ಶಿವದಾರವನ್ನು ತಲೆಯ ಮೇಲಿಂದ ತೆಗೆದರು. ಲಿಂಗ ಮೈ ಬಿಟ್ಟು ಇರಬಾರದು ಎಂದು ತೊಟ್ಟಿಲಲ್ಲೇ ಕಟ್ಟಿಸಿಕೊಂಡವರು ನಾವು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಹೊಸ ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು.

“ಮಾತಿಗೇನು ತಪ್ಪಿಲ್ಲ ನಾನು. ಆದ್ರೂ ಲಿಂಗಪ್ಪನ ಎದುರಿಗೆ ಬ್ಯಾಡ. ಒಂದು ತಾಸು ಇಟ್ಕಂಡಿರು.”

“ಭಾವ, ಬ್ಯಾಡ್ರಿ. ಅಕ್ಕನಿಗೆ ಏನು ಹೇಳ್ಲಿ?”

“ನಿಮ್ಮಕ್ಕನಿಗೆ ಯಾರು ಹೇಳ್ತಾರೆ? ಹೇಳೋನು ನೀನೊಬ್ನೇ ಅಲ್ವಾ?” ಎಂದು ಹೆಗಲು ತಟ್ಟಿದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ.

ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು. ಕಾಲು ಹಿಡಿಯಬೇಕಿತ್ತು. ‘ತಗೊಳ್ರಿ ನಿಮ್ಮ ಲಿಂಗ, ನಾನು ಮುಟ್ಟಲ್ಲ’ ಅಂತ ವಾಪಸ್ ಕೊಟ್ಟಿದ್ದರೂ ಸಾಕಿತ್ತು, ಆ ಮನುಷ್ಯ ಅದನ್ನು ಹಾಸಿಗೆಯ ಮೇಲೆ ಬಿಟ್ಟು ಹೋಗುವವರಲ್ಲ. ನಾನು ಏನೂ ಮಾಡಲಿಲ್ಲ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವರು, ಎದುರಾಡುವುದು ಹೇಗೆ ಎಂಬ ನೆವ ನನ್ನ ಹತ್ತಿರ ಸಿದ್ಧವಾಗಿತ್ತು. ಕಳ್ಳನಿಗೊಂದು ಪಿಳ್ಳೆ ನೆವ. ನನ್ನ ಎದೆಯ ಮೇಲೆ ಒಂದು ಲಿಂಗ, ಕಿಸೆಯಲ್ಲಿ ಇನ್ನೊಂದು ಲಿಂಗ ಇಟ್ಟುಕೊಂಡು ಹಡಗಿನ ಮೇಲೆಲ್ಲ ತಿರುಗಿದೆ. ಕೂತರೆ ಒತ್ತುತ್ತಿತ್ತು, ನಿಂತರೆ ಜಗ್ಗುತ್ತಿತ್ತು. ನನ್ನಷ್ಟು ಹೇಡಿ ಆ ಹಡಗಿನಲ್ಲಿ ಇನ್ನೊಬ್ಬ ಇರಲಿಲ್ಲ.

ಹಡಗು, ಮೇಲಿನ ಕಟ್ಟೆ

ಮೇಲೆ ಬಿಸಿಲಲ್ಲಿ ಒಬ್ಬರು ಅಮೆರಿಕದ ಅಜ್ಜ ಕುರ್ಚಿ ಹಾಕಿಕೊಂಡು ಕೂತಿದ್ದರು. ಕ್ಯಾಲಿಫೋರ್ನಿಯಾದ ಕಡಲ ದಂಡೆಯವರು, ಮೇಷ್ಟ್ರಾಗಿ ನಿವೃತ್ತರಾದವರು. ಅವರ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವರಿಗೆ ಕಾಲು. ನೀವು ಆಡುವುದಿಲ್ಲವಾ ಎಂದು ಕೇಳಿದರು. ಇಲ್ಲ, ನನ್ನ ಸಂಬಂಧಿಕರು ಆಡುತ್ತಿದ್ದಾರೆ ಅಂದೆ. ಅವರು ಜೋರಾಗಿ ನಕ್ಕು, ತಮ್ಮ ಅಪ್ಪನ ಕತೆ ಹೇಳಿದರು.

ಅವರ ಅಪ್ಪ ಹರೆಯದಲ್ಲಿದ್ದಾಗ, ಎರಡನೆಯ ಮಹಾಯುದ್ಧಕ್ಕೂ ಮುಂಚೆ, ಆ ರಾಜ್ಯದಲ್ಲಿ ಜೂಜಾಡುವುದು ಅಪರಾಧ. ಆದರೆ ರಾಜ್ಯದ ಕಾನೂನು ದಂಡೆಯಿಂದ ಮೂರು ಮೈಲಿಗೆ ಮುಗಿಯುತ್ತಿತ್ತು. ಹಾಗಾಗಿ ಜೂಜಿನವರು ಹಳೆಯ ಹಡಗುಗಳನ್ನು ಕೊಂಡು, ಬಣ್ಣ ಬಳಿದು, ದೀಪದ ಸರ ಕಟ್ಟಿ, ಮೂರು ಮೈಲಿಯಿಂದ ಒಂದಿಷ್ಟು ಆಚೆಗೆ ಲಂಗರು ಹಾಕಿದರು. ದಂಡೆಯಲ್ಲಿ ನಿಂತರೆ ಬರಿಗಣ್ಣಿಗೆ ಕಾಣುತ್ತಿತ್ತಂತೆ. ಜನರನ್ನು ತುಂಬಿಕೊಂಡು ಹೋಗಿ ಬರಲು ಸಣ್ಣ ಮೋಟಾರು ದೋಣಿಗಳು. ಅಜ್ಜನ ಅಪ್ಪ ಅಂಥದೊಂದು ದೋಣಿ ಓಡಿಸುತ್ತಿದ್ದವನು.

“ಸರ್ಕಾರ ಸುಮ್ಮನಿತ್ತಾ?” ಎಂದು ಕೇಳಿದೆ.

ಸುಮ್ಮನಿರಲಿಲ್ಲ. ದೋಣಿಯವರನ್ನು ಹಿಡಿದರು, ಕೋರ್ಟಿಗೆ ಎಳೆದರು. ಆಗ ಎದ್ದ ತಕರಾರು ಕೇಳಿದರೆ ನಮ್ಮ ತಾಲ್ಲೂಕು ಕಚೇರಿಯ ಸರ್ವೆ ಜಗಳ ನೆನಪಾಗುತ್ತದೆ. ಮೂರು ಮೈಲಿ ಅಳೆಯುವುದು ಎಲ್ಲಿಂದ? ಮರಳಿನಿಂದಲೋ, ಅಥವಾ ಕೊಲ್ಲಿಯ ಎರಡು ಕಡೆಯ ಭೂಶಿರಗಳಿಗೆ ಹಗ್ಗ ಹಿಡಿದು ಆ ಹಗ್ಗದಿಂದಲೋ? ಮರಳಿನಿಂದ ಅಳೆದರೆ ಹಡಗು ಆಚೆ, ಹಗ್ಗದಿಂದ ಅಳೆದರೆ ಹಡಗು ಸರ್ಕಾರದ ಅಂಗಳದಲ್ಲೇ ಇದೆ. ಒಂದು ಸಲ ಅಧಿಕಾರಿಗಳು ದೋಣಿಗಳಲ್ಲಿ ಮುತ್ತಿಗೆ ಹಾಕಿದರಂತೆ. ಹಡಗಿನವರು ಬೆಂಕಿ ಆರಿಸುವ ಪೈಪು ಹಿಡಿದು ನೀರು ಚಿಮ್ಮಿಸಿ, ಹತ್ತಲು ಬಂದವರನ್ನೆಲ್ಲ ತೋಯಿಸಿ, ದಿನಗಟ್ಟಲೆ ತಡೆದರಂತೆ. ಕೊನೆಗೆ ಕೋರ್ಟು ಹಗ್ಗದ ಲೆಕ್ಕವೇ ಸರಿ ಅಂದಿತು, ಆಟದ ಯಂತ್ರಗಳನ್ನು ಸಮುದ್ರಕ್ಕೆ ಎಸೆದರು. ಯುದ್ಧ ಮುಗಿದ ಮೇಲೆ ಅವರಲ್ಲೇ ಒಬ್ಬ ಹೊಸ ಹಡಗು ತಂದ, ಆಗ ದೇಶದ ಸರ್ಕಾರವೇ ಕಾನೂನು ಮಾಡಬೇಕಾಯಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ನಾನು ಸವಳಂಗದ ಹುಣಸೆಮರದ ಕತೆ ಹೇಳಿದೆ. ಅಜ್ಜ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಅಂದರು. ಅವರ ಅಪ್ಪ ಸಂಬಳದ ದಿನ ಗಂಡಸರನ್ನು ದೋಣಿಯಲ್ಲಿ ಕರೆದೊಯ್ದು ಬರಿಗೈಯಲ್ಲಿ ವಾಪಸ್ ತರುತ್ತಿದ್ದ. ದಂಡೆಯಲ್ಲಿ ಅವರ ಹೆಂಡಂದಿರು ಕಾಯುತ್ತ ನಿಂತಿರುತ್ತಿದ್ದರು. “ನಮ್ಮಪ್ಪ ಮುಪ್ಪಿನಲ್ಲೂ ಹೇಳುತ್ತಿದ್ದ, ನಾನು ಒಂದು ದಿನವೂ ಆಡಿಲ್ಲ, ದೋಣಿ ಓಡಿಸಿದೆ ಅಷ್ಟೇ ಅಂತ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಸಾಯುವ ವಾರ ಆಸ್ಪತ್ರೆಯ ನರ್ಸಿಗೂ ಹೇಳಿದ.”

ನನಗೆ ಕೂರಲಾಗಲಿಲ್ಲ. ಎದ್ದು ಏಳನೆಯ ಮಹಡಿಗೆ ಇಳಿದೆ. ಆ ಹಾಲಿಗೆ ಕಿಟಕಿಯಿಲ್ಲ, ಗಡಿಯಾರವಿಲ್ಲ, ನಮ್ಮ ಹುಣಸೆಮರದ ಕೆಳಗಿನ ಬೈಗುಳ, ಬೀಡಿ ಹೊಗೆ, ಮಂಡಕ್ಕಿ ಮೆಣಸಿನಕಾಯಿ ಯಾವುದೂ ಇಲ್ಲ. ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೂತವರ ಹಾಗೆ ಜನ ಮೌನವಾಗಿ ಕಳೆದುಕೊಳ್ಳುತ್ತಿದ್ದರು. ಭಾವ ಸ್ವೆಟರಿನ ಮುದುಕಿಯ ಪಕ್ಕ ಕೂತಿದ್ದರು. ಎರಡೇ ಬದಿ ಇರುವ ಆಟ, ನಮ್ಮ ಅಂದರ್ ಬಾಹರಿನ ದಾಯಾದಿ. ಭಾಷೆ ಬೇಕಿರಲಿಲ್ಲ.

“ಭಾವ, ಏಳ್ರಿ. ತಾಸಾತು.”

ತಿರುಗಿ ನೋಡಿದರು. ಒಂದೂವರೆ ವರ್ಷದಿಂದ ನಾನು ನೋಡದಿದ್ದ ಮುಖ ಅದು, ಹತ್ತು ವರ್ಷ ಸಣ್ಣದಾಗಿತ್ತು. “ಗೆದ್ದೆ ಕಣೋ ಪ್ರಕಾಶ!” ಅಂದರು. ಸೋತಿದ್ದರೆ ಎಷ್ಟು ಚೆನ್ನಾಗಿತ್ತು, ದೇವರೇ. ಮರುದಿನ ಬೆಳಿಗ್ಗೆ ಪೂಜೆ ಇಲ್ಲದೆ ಇಡ್ಲಿ ತಿಂದರು. ಲಿಂಗವನ್ನು ವಾಪಸ್ ಕೇಳಿದ್ದು ಸಿಂಗಪುರದ ಬಂದರು ಕಂಡ ಮೇಲೆ.

ಚನ್ನಗಿರಿ, ವಾಪಸ್

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವ ಸ್ನಾನಕ್ಕೆ ಹೋದಾಗ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು.

“ಹೆಂಗಿದ್ರು?”

“ಬಂಗಾರದಂಗಿದ್ರು ಅಕ್ಕ.”

ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಡಿಸಿದಳು. ತಿಂದೆ.

ಹಡಗು ಭಾವನಿಗೆ ಕಲಿಸಿದ್ದು ಆಟವನ್ನಲ್ಲ, ಗೆರೆ ಎಲ್ಲಿದೆ ಎಂಬುದನ್ನು. ಅದಕ್ಕೆ ಸಿಂಗಪುರದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಪಕ್ಕದ ಗೋವಾದಲ್ಲಿ ಜೂಜಿನ ಹಡಗುಗಳು ಸಮುದ್ರಕ್ಕೂ ಹೋಗದೆ ಹೊಳೆಯಲ್ಲೇ ನಿಂತಿವೆ, ದಡದಿಂದ ದೋಣಿಯಲ್ಲಿ ಐದು ನಿಮಿಷ. ಮೂರು ಮೈಲಿಯ ಶ್ರಮವೂ ಇಲ್ಲ. ತಿಂಗಳಿಗೊಮ್ಮೆ ಅಡಿಕೆ ವ್ಯವಹಾರ ಅಂತ ಭಾವ ಬಸ್ಸು ಹತ್ತತೊಡಗಿದರು. ಅದು ಬೇರೆ ರಾಜ್ಯ. ಆಣೆ ಕೂದಲಷ್ಟೂ ಕೊಂಕಿರಲಿಲ್ಲ. ನನಗೆ ಗೊತ್ತಿತ್ತು, ನಾನು ಅಕ್ಕನಿಗೆ ಹೇಳಲಿಲ್ಲ.

ಗೋವಾದ ವಿಷಯ ಗೊತ್ತಾದ ದಿನ ಅಕ್ಕ ಕೂಗಾಡಲಿಲ್ಲವಂತೆ. ಆಣೆ ಏನಾತು ಎಂದು ಕೇಳಿದಳಂತೆ. “ಮುರಿದಿಲ್ಲ ನಾನು. ಆಡಿದ್ದು ಹಡಗಿನಾಗೆ, ಗೋವಾದಾಗೆ, ಈ ರಾಜ್ಯದ ಗಡಿಯೊಳಗಲ್ಲ. ಬೇಕಾದ್ರೆ ನಿನ್ನ ತಮ್ಮನ್ನ ಕೇಳು” ಅಂದರಂತೆ ಭಾವ.

ಅವಳು ನನ್ನನ್ನು ಕೇಳಲಿಲ್ಲ. ಮಗಳನ್ನು ಕರೆದುಕೊಂಡು ಜಗಳೂರಿಗೆ ಹೋದಳು. ಅಲ್ಲಿ ಅವಳ ಗೆಳತಿಯೊಬ್ಬಳು ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ.

ಜಗಳೂರು

ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯಲು ಹೋಗುವುದು ನಮ್ಮಲ್ಲಿ ಅಣ್ಣತಮ್ಮಂದಿರ ಕೆಲಸ. ಯಾವ ವರ್ಷವೂ ತಪ್ಪಿಸಿದವನಲ್ಲ. ಉಂಡಿ ಕಟ್ಟಿಸಿಕೊಂಡು, ತವರಿನ ಉಡುಗೊರೆಯಾಗಿ ಕೊಡುವ ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ತಗೊಂಡು ಜಗಳೂರಿನ ಬಸ್ಸು ಹತ್ತಿದೆ. ಸಿಂಗಪುರಕ್ಕೆ ಹೋಗುವಾಗಲೂ ಅಷ್ಟು ಹೆದರಿರಲಿಲ್ಲ.

ಒಂದೇ ಕೋಣೆ. ಅಕ್ಕ ಮಷೀನಿನ ಮುಂದೆ ಕೂತಿದ್ದಳು. ಬಾ ಅಂದಳು, ಕುಡಿಯಲು ನೀರು ಕೊಟ್ಟಳು, ಟೀ ಮಾಡಿ ಕೊಟ್ಟಳು. ಬಂದ ವಿಷಯ ಹೇಳಿದೆ. ಅವಳು ಮಷೀನು ನಿಲ್ಲಿಸಿದಳು.

“ಒಂದು ಮಾತು ಕೇಳ್ತೀನಿ ಪ್ರಕಾಶ. ಆಣೆ ಇಡೋವಾಗ ‘ಈ ರಾಜ್ಯದ ಗಡಿಯೊಳಗೆ’ ಅಂತ ಅಂದಿದ್ರಂತಲ್ಲ, ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾರು ಹೇಳ್ಕೊಟ್ಟಿದ್ದು?”

“ನಾನೇ.”

“ಹಡಗಿನಾಗೆ ಆಡಿದ್ದು?”

“ಅದೂ ಗೊತ್ತಿತ್ತಕ್ಕ. ಆದ್ರೆ ನಾನು ಒಂದು ಎಲೆನೂ ಮುಟ್ಟಿಲ್ಲ, ನಿನ್ನಾಣೆ...”

ಬಾಯಿಂದ ಹೊರಬಿದ್ದ ಮೇಲೆ ಕೇಳಿಸಿತು, ನಾನು ಏನು ಹೇಳುತ್ತಿದ್ದೇನೆಂದು. ಯಾರೂ ಕೇಳಿರಲಿಲ್ಲ.

ಅಕ್ಕ ನನ್ನ ಮುಖ ನೋಡಲಿಲ್ಲ. “ಅವ್ರು ಆಡೋರು. ಇವತ್ತಲ್ಲ ನಾಳೆ ಆಡೇ ಆಡ್ತಾರೆ ಅಂತ ಗೊತ್ತಿದ್ದೇ ಬಾಳ್ವೆ ಮಾಡ್ದೆ. ನಿನ್ನ ನಂಬಿದ್ದೆ ನೋಡು” ಅಂದಳು. ದನಿ ಏರಲಿಲ್ಲ. ಬೈದಿದ್ದರೆ ಅತ್ತುಬಿಡುತ್ತಿದ್ದೆ, ಅದಕ್ಕೂ ಅವಕಾಶ ಕೊಡಲಿಲ್ಲ.

ನಾನು ಏಳುವಾಗ ಚೀಲವನ್ನು ಅವಳೇ ತೆರೆದಳು. ಉಂಡಿಯ ಡಬ್ಬಿ ಎತ್ತಿ ಗೂಡಿನಲ್ಲಿಟ್ಟಳು. ಖಣವನ್ನು ಬಿಡಿಸಿಯೂ ನೋಡದೆ, ಮಡಿಕೆ ಕೆಡದ ಹಾಗೆ ಮತ್ತೆ ಚೀಲದೊಳಗಿಟ್ಟು ನನ್ನ ಕೈಗೆ ಕೊಟ್ಟಳು.

“ಉಂಡಿ ಇರ್ಲಿ, ಮಗಳು ತಿಂತಾಳೆ. ಇದು ತಗಂಡು ಹೋಗು. ತವರಿನ ಕುಬಸ ನಂಗೆ ಬ್ಯಾಡ.”